ಪರಿಚಯದೊಳಗೆ ನುಸುಳಿದ ‘ಆದರೂ’

ಮಕ್ಕಳ ಕಥೆಗಳ ಒಂದು ಸಂಕಲನಕ್ಕೆ ಕೊನೆಯ ಪುಟಗಳನ್ನು ಸಿದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ಪುಟಗಳು ಅಂದರೆ ಕಥೆ ಬರೆದವರ, ಚಿತ್ರ ಬಿಡಿಸಿದವರ ಪರಿಚಯ. ಒಟ್ಟು 26 ಜನ. ಅದರಲ್ಲಿ 15 ಲೇಖಕರು, 11 ಚಿತ್ರಕಾರರು. ಲೇಖಕರಿಗೆ ತಲಾ 60 ಪದ, ಚಿತ್ರಕಾರರಿಗೆ ತಲಾ 40 ಪದ ಎಂದು ಮೊದಲೇ ತೀರ್ಮಾನವಾಗಿತ್ತು. ಒಂದು ವಾರದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಐದು ತಿಂಗಳು ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಫಾರಂ ತಯಾರಿಸಿ ಎಲ್ಲರಿಗೂ ಕಳಿಸಿದೆ. ಹುಟ್ಟಿದ ವರ್ಷ, ಓದು, ಪ್ರಕಟವಾದ ಪುಸ್ತಕಗಳು, ಬಂದ ಪ್ರಶಸ್ತಿಗಳು. ಹತ್ತು ದಿನದಲ್ಲಿ 19 ಜನ ತುಂಬಿಸಿ ಕಳಿಸಿದರು. ಒಂದರ ಕೆಳಗೊಂದು ಇಟ್ಟು ಗಟ್ಟಿಯಾಗಿ ಓದಿ ನೋಡಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ಯಾರು ಯಾರೆಂದೇ ಗೊತ್ತಾಗಲಿಲ್ಲ. ಸ್ನಾತಕೋತ್ತರ ಪದವಿ, ಎರಡು ಸಂಕಲನ, ಮೂರು ಬಹುಮಾನ, ಓದು ಮತ್ತು ಪ್ರವಾಸ ಹವ್ಯಾಸ. ಕಥೆಗಳು ಒಂದಕ್ಕೊಂದು ಎಷ್ಟು ಬೇರೆಯಾಗಿದ್ದವೋ ಪರಿಚಯಗಳು ಅಷ್ಟೇ ಒಂದೇ ಥರ ಇದ್ದವು.

ಒಬ್ಬ ಚಿತ್ರಕಾರರ ಫಾರಂ ಮಾತ್ರ ಕೈಯಲ್ಲೇ ಉಳಿಯಿತು. ಹುಟ್ಟಿದ ವರ್ಷ ಬಿಟ್ಟರೆ ಉಳಿದ ಮೂರೂ ಕಡೆ ಅವರು ಒಂದೇ ಪದ ಬರೆದಿದ್ದರು. ಇಲ್ಲ. ಇಲ್ಲ. ಇಲ್ಲ. ಇಡೀ ಸಂಕಲನದಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಅವರ ಚಿತ್ರವನ್ನೇ. ಮಲಗಿರುವ ಒಂದು ಆನೆ. ಸುತ್ತ ಬರೀ ಕಂದು ಬಣ್ಣ. ಆನೆಯ ಬೆನ್ನಿನ ಮೇಲೆ ಒಂದೇ ಒಂದು ಬಿಳಿ ಗೆರೆ, ಬೆಳಗಿನ ಬೆಳಕು ಬಿದ್ದ ಹಾಗೆ. ಅಂಥ ಚಿತ್ರ ಬಿಡಿಸಿದವರ ಬಗ್ಗೆ ನನ್ನ ಫಾರಂ ಕೇಳಿದ್ದಕ್ಕೆಲ್ಲ ‘ಇಲ್ಲ’ ಅನ್ನುವುದೇ ಉತ್ತರ ಅಂದಮೇಲೆ ತಪ್ಪು ಫಾರಂನದ್ದು. ಅವರದ್ದಲ್ಲ.

ಏನು ಕೇಳಬೇಕು ಎಂದು ತಿಳಿಯದೆ ಒಂದು ಅಭ್ಯಾಸ ಶುರುಮಾಡಿದೆ. ಈಗ ಬರೆಯುತ್ತಿರುವ, ಎಲ್ಲರಿಗೂ ಗೊತ್ತಿರುವ ಲೇಖಕರ ಸಂದರ್ಶನ ಓದುವುದು, ಅವರಿಗೊಂದು 60 ಪದದ ಪರಿಚಯ ಬರೆಯುವುದು. ರಾತ್ರಿ ಮಲಗುವ ಮುಂಚೆ ಒಂದು. ಇದಕ್ಕೆಂದೇ ಒಂದು ನೋಟ್‌ಪುಸ್ತಕ ಇಟ್ಟೆ.

ಮೊದಲು ಬರೆದದ್ದು ಹರುಕಿ ಮುರಾಕಾಮಿ ಬಗ್ಗೆ. ಅವರ ಪುಸ್ತಕಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಎಷ್ಟು ಭಾಷೆಗೆ ಅನುವಾದ ಆಗಿದೆ ಅಂತಿರುತ್ತದೆ. ನನಗೆ ಬೇಕಾದದ್ದು ಬೇರೆ ಕಡೆ ಸಿಕ್ಕಿತು. ಅವರು ಟೋಕಿಯೊದಲ್ಲಿ ಹೆಂಡತಿಯ ಜೊತೆ ಜಾಝ್ ಸಂಗೀತದ ಒಂದು ಚಿಕ್ಕ ಬಾರ್ ನಡೆಸುತ್ತಿದ್ದರು. 1978ರಲ್ಲಿ, 29ನೇ ವಯಸ್ಸಿನಲ್ಲಿ, ಬಾರ್ ಮುಚ್ಚಿ ಮನೆಗೆ ಬಂದಮೇಲೆ ಅಡುಗೆಮನೆಯ ಮೇಜಿನ ಮೇಲೆ ಮೊದಲ ಕಾದಂಬರಿ ಬರೆದರು. ದಣಿದ ಮನುಷ್ಯ, ರಾತ್ರಿಯ ನಿಶ್ಶಬ್ದ, ಅಡುಗೆಮನೆಯ ಮೇಜು. ಇಷ್ಟು ಗೊತ್ತಾದಮೇಲೆ ಅವರ ಆ ಚಿಕ್ಕ ಚಿಕ್ಕ ವಾಕ್ಯಗಳು ನನಗೆ ಬೇರೆ ಥರ ಕೇಳಿಸತೊಡಗಿದವು.

ಖಾಲಿದ್ ಹುಸೇನಿ ವೈದ್ಯರಾಗಿದ್ದರು. ಬೆಳಗಿನ ಜಾವ ಎದ್ದು, ಆಸ್ಪತ್ರೆಗೆ ಹೊರಡುವವರೆಗೆ ಬರೆಯುತ್ತಿದ್ದರು. 2003ರಲ್ಲಿ ಮೊದಲ ಕಾದಂಬರಿ ಬಂದಮೇಲೂ ತಕ್ಷಣ ಆಸ್ಪತ್ರೆ ಬಿಡಲಿಲ್ಲ. ಪೋಲೆಂಡಿನ ಓಲ್ಗಾ ತೊಕಾರ್ಚುಕ್ ಮನಃಶಾಸ್ತ್ರ ಓದಿ, ಚಿಕಿತ್ಸಕಿಯಾಗಿ ಕೆಲಸ ಮಾಡಿದವರು. 2018ರ ನೊಬೆಲ್ ಅವರಿಗೆ ಬಂತು. ಚೀನಾದ ವಿಜ್ಞಾನ ಕಾದಂಬರಿಕಾರ ಲಿಯು ಸಿಶಿನ್ ಶಾಂಕ್ಸಿ ಪ್ರಾಂತ್ಯದ ಒಂದು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. ಡಗ್ಲಸ್ ಸ್ಟುವರ್ಟ್ ಗ್ಲಾಸ್ಗೋದ ಬಡ ಮನೆಯಲ್ಲಿ ಬೆಳೆದು, ನ್ಯೂಯಾರ್ಕಿನಲ್ಲಿ ಬಟ್ಟೆಗಳ ವಿನ್ಯಾಸಕಾರರಾಗಿ ದುಡಿಯುತ್ತಾ ಸುಮಾರು ಹತ್ತು ವರ್ಷ ಒಂದೇ ಕಾದಂಬರಿ ಬರೆದರು. ಮೂವತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದರು. 2020ರಲ್ಲಿ ಅದಕ್ಕೇ ಬುಕರ್ ಬಂತು. ನಮ್ಮ ಬಾನು ಮುಷ್ತಾಕ್ ವಕೀಲರು, ಪತ್ರಕರ್ತೆಯಾಗಿಯೂ ದುಡಿದವರು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಅವರ ಕಥೆಗಳನ್ನು ಮತ್ತೆ ಓದುವಾಗ, ಕಕ್ಷಿದಾರರ ಮಾತು ಕೇಳಿಸಿಕೊಂಡ ಕಿವಿ ಅಲ್ಲಿ ಇದೆ ಅನ್ನಿಸಿತು.

ಬಂಗಾಳಿ ಲೇಖಕ ಮನೋರಂಜನ್ ಬ್ಯಾಪಾರಿಯವರ ಪರಿಚಯ ಬರೆಯುವಾಗ ಮಾತ್ರ ಬಹಳ ಹೊತ್ತು ಪೆನ್ನು ಓಡಲಿಲ್ಲ. ಶಾಲೆಗೆ ಹೋದವರಲ್ಲ. ಜೈಲಿನಲ್ಲಿ ಅಕ್ಷರ ಕಲಿತರು. ಹೊರಗೆ ಬಂದಮೇಲೆ ಕೋಲ್ಕತ್ತಾದಲ್ಲಿ ರಿಕ್ಷಾ ಎಳೆಯುತ್ತಾ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ‘ಜಿಜೀವಿಷೆ’ ಅನ್ನುವ ಪದದ ಅರ್ಥ ತಿಳಿಯಲಿಲ್ಲ. ಒಂದು ದಿನ ರಿಕ್ಷಾ ಹತ್ತಿದ ಹೆಂಗಸನ್ನು ನೋಡಿ, ಓದಿದವರ ಥರ ಇದ್ದಾರೆ ಅಂತ ಅವರನ್ನೇ ಕೇಳಿದರು. ಬದುಕಬೇಕೆಂಬ ಆಸೆ ಅಂತ ಅವರು ಹೇಳಿದರು. ಆ ಹೆಂಗಸು ಬಂಗಾಳಿಯ ಹೆಸರಾಂತ ಲೇಖಕಿ ಮಹಾಶ್ವೇತಾ ದೇವಿ. ತಮ್ಮ ಪತ್ರಿಕೆಗೆ ಬರೆಯಲು ಅವರೇ ಹೇಳಿದರು. ಇದನ್ನು 60 ಪದಕ್ಕೆ ಇಳಿಸಬೇಕು. ನಾನು ಬರೆದ ಮೊದಲ ವಾಕ್ಯ ಹೀಗಿತ್ತು: ‘ರಿಕ್ಷಾ ಎಳೆಯುತ್ತಿದ್ದರೂ ಸಾಹಿತ್ಯದ ಮೇಲೆ ಅಪಾರ ಒಲವು.’ ಆಗ ನನಗೆ ಅದು ಒಳ್ಳೆಯ ವಾಕ್ಯವಾಗಿಯೇ ಕಂಡಿತ್ತು. ಆ ವಾಕ್ಯದ ಕಥೆಗೆ ಆಮೇಲೆ ಬರುತ್ತೇನೆ.

ಸುಮಾರು ಮೂವತ್ತು ಪರಿಚಯ ಬರೆದಮೇಲೆ ನನ್ನ 26 ಜನಕ್ಕೆ ಎರಡನೇ ಪತ್ರ ಬರೆದೆ. ಈ ಸಲ ಫಾರಂ ಇಲ್ಲ. ದಿನದ ಯಾವ ಹೊತ್ತಿನಲ್ಲಿ ಬರೆಯುತ್ತೀರಿ, ಎಲ್ಲಿ ಕೂತು? ಮನೆ ನಡೆಯುವುದು ಯಾವ ಕೆಲಸದಿಂದ? ಚಿಕ್ಕಂದಿನಲ್ಲಿ ಮನೆಯಲ್ಲಿ ಯಾವ ಮಾತು ಕೇಳುತ್ತಿತ್ತು? ನಿಮ್ಮ ಕೈಗೆ ಮೊದಲು ಸಿಕ್ಕ ಪುಸ್ತಕ ಅಥವಾ ಬಣ್ಣ ಯಾರದ್ದು? ಬೇಡ ಅನ್ನಿಸಿದ್ದಕ್ಕೆ ಉತ್ತರಿಸಬೇಡಿ, ಬರೆಯಲು ಬೇಸರವಾದರೆ ಫೋನ್ ಮಾಡಿ ಅಂದೆ. 17 ಜನ ಫೋನ್ ಮಾಡಿದರು. ಬರೆಯುವವರಿಗೂ ತಮ್ಮ ಬಗ್ಗೆ ಬರೆಯುವುದು ಎಷ್ಟು ಕಷ್ಟ ಅಂತ ಆಗ ತಿಳಿಯಿತು.

ಒಬ್ಬ ಕಥೆಗಾರ್ತಿ ನರ್ಸ್. ತೀವ್ರ ನಿಗಾ ಘಟಕದಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಮನೆಗೆ ಹೋಗುವ ಬಸ್ಸಿನಲ್ಲಿ, 40 ನಿಮಿಷ, ಫೋನಿನಲ್ಲಿ ಹೆಬ್ಬೆರಳಿನಿಂದ ಬರೆಯುತ್ತಾರೆ. ನಮ್ಮ ಸಂಕಲನದ ಕಥೆ ಹಾಗೆ 11 ಬೆಳಗ್ಗೆಗಳಲ್ಲಿ ಆದದ್ದು. ‘ಪ್ಯಾರಾ ಉದ್ದ ಆದ್ರೆ ಸ್ಕ್ರೀನ್‌ನಿಂದ ಮೇಲಕ್ಕೆ ಹೋಗಿಬಿಡುತ್ತೆ, ಕಾಣಿಸಲ್ಲ. ಅದಕ್ಕೇ ಚಿಕ್ಕದು’ ಅಂದರು. ಅವರ ಶೈಲಿಯ ಬಗ್ಗೆ ನಾನು ಏನೇನೋ ಯೋಚಿಸಿಟ್ಟಿದ್ದೆ. ಆ ಒಂದು ಮಾತು ಅದಕ್ಕಿಂತ ಹೆಚ್ಚು ಹೇಳಿತು.

ಇನ್ನೊಬ್ಬರು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ದಿನವಿಡೀ ಬೇರೆಯವರ ಮಾತನ್ನು ಅಕ್ಷರಕ್ಕೆ ಇಳಿಸುವ ಕೆಲಸ. ಅವರ ಕಥೆಯಲ್ಲಿ ಸಂಭಾಷಣೆ ತುಂಬಾ ಜೀವಂತ. ಹೌದಲ್ಲ, ಅದಕ್ಕೇ ಅಂತ ನನಗೆ ಖುಷಿಯಾಯಿತು. ಕೇಳಿದೆ. ಇಲ್ಲ ಅಂದರು. ‘ಕೋರ್ಟಿನಲ್ಲಿ ಕೇಳೋ ಮಾತು ಕೈಯಿಂದ ಹೋಗಿಬಿಡುತ್ತೆ, ತಲೆಗೆ ಬರೋದೇ ಇಲ್ಲ. ಕಥೆಯೊಳಗಿನ ಮಾತೆಲ್ಲ ನಮ್ಮಜ್ಜಿದು. ಅಜ್ಜಿ ಹಸುಗಳ ಜೊತೆ ಮಾತಾಡೋರು, ಹಸುಗಳ ಪರವಾಗಿ ಉತ್ತರಾನೂ ಅವರೇ ಹೇಳೋರು.’ ಕಸುಬು ಗೊತ್ತಾದರೆ ಬರವಣಿಗೆಯ ಬೀಗದ ಕೈ ಸಿಕ್ಕಿತು ಅಂದುಕೊಂಡಿದ್ದೆ. ಎಷ್ಟೋ ಸಲ ಬೀಗವೇ ಬೇರೆ. ಅವರ ಪರಿಚಯದಲ್ಲಿ ಕೋರ್ಟೂ ಇದೆ, ಅಜ್ಜಿಯೂ ಇದ್ದಾರೆ. ಒಂದರಿಂದ ಇನ್ನೊಂದಕ್ಕೆ ಗಂಟು ಹಾಕಲಿಲ್ಲ.

ಮನೆಮಾತಿನ ಪ್ರಶ್ನೆಗೆ ಬಂದ ಉತ್ತರಗಳು ನನಗೆ ತೀರಾ ಹೊಸದಾಗಿದ್ದವು. 15 ಲೇಖಕರಲ್ಲಿ 6 ಜನ ತಾವು ಬರೆಯುವ ಭಾಷೆಯನ್ನು ಶಾಲೆಗೆ ಹೋದಮೇಲೆ ಕಲಿತವರು. ಒಬ್ಬರಿಗೆ ಅದು ಮೂರನೇ ಭಾಷೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು. ‘ಕಥೆ ಹೊಳೆಯೋದು ಮೊದಲನೆಯದರಲ್ಲಿ, ಬೈಗುಳ ಬರೋದು ಎರಡನೆಯದರಲ್ಲಿ, ಬರೆಯೋದು ಮೂರನೆಯದರಲ್ಲಿ’ ಅಂದರು. ನನ್ನ ನೋಟ್‌ಪುಸ್ತಕದಲ್ಲಿ ಆಗಲೇ ಇಂಥವರು ಇದ್ದರು. 1948ರಲ್ಲಿ ಜಂಜಿಬಾರ್‌ನಲ್ಲಿ ಹುಟ್ಟಿದ ಅಬ್ದುಲ್‌ರಜಾಕ್ ಗುರ್ನಾ ಅವರ ಮನೆಮಾತು ಸ್ವಾಹಿಲಿ. ನಿರಾಶ್ರಿತರಾಗಿ ಇಂಗ್ಲೆಂಡಿಗೆ ಬಂದು, 21ರ ವಯಸ್ಸಿನ ಹೊತ್ತಿಗೆ ಇಂಗ್ಲಿಷಿನಲ್ಲಿ ಬರೆಯಲು ತೊಡಗಿದರು. 2021ರಲ್ಲಿ ನೊಬೆಲ್ ಬಂತು. ಜುಂಪಾ ಲಾಹಿರಿ ಬಂಗಾಳಿ ಮನೆಯಲ್ಲಿ ಬೆಳೆದು, ಇಂಗ್ಲಿಷಿನಲ್ಲಿ ಹೆಸರು ಮಾಡಿ, ನಡುವಯಸ್ಸಿನಲ್ಲಿ ರೋಮ್‌ಗೆ ಹೋಗಿ ನೆಲೆಸಿ ಇಟಾಲಿಯನ್‌ನಲ್ಲಿ ಬರೆಯತೊಡಗಿದರು. ಯಾರೂ ಅವರನ್ನು ಅಟ್ಟಿರಲಿಲ್ಲ. ಆ ಭಾಷೆಯ ಮೇಲಿನ ಪ್ರೀತಿ, ಅಷ್ಟೇ.

ಇರಾನಿನ ಕುರ್ದ್ ಪತ್ರಕರ್ತ ಬೆಹ್ರೂಜ್ ಬೂಚಾನಿಗೆ ಮೇಜೂ ಇರಲಿಲ್ಲ, ಕಾಗದವೂ ಇರಲಿಲ್ಲ. ಆಶ್ರಯ ಕೇಳಿ ಬಂದವರನ್ನು ಆಸ್ಟ್ರೇಲಿಯಾ ಸರ್ಕಾರ ಕೂಡಿಹಾಕಿದ್ದ ಮಾನುಸ್ ದ್ವೀಪದಿಂದ, ಫೋನಿನಲ್ಲಿ, ಪರ್ಷಿಯನ್ ಭಾಷೆಯಲ್ಲಿ, ವಾಟ್ಸಾಪ್ ಸಂದೇಶಗಳಾಗಿ ಒಂದಿಡೀ ಪುಸ್ತಕವನ್ನು ಕಳಿಸಿದರು. 2019ರಲ್ಲಿ ಅದಕ್ಕೆ ಆಸ್ಟ್ರೇಲಿಯಾದ್ದೇ ವಿಕ್ಟೋರಿಯನ್ ಪ್ರಶಸ್ತಿ ಬಂದಾಗಲೂ ಅವರು ಆ ದ್ವೀಪದಲ್ಲೇ ಇದ್ದರು. ಬಸ್ಸಿನಲ್ಲಿ ಬರೆಯುವ ನರ್ಸ್‌ಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಫೋನ್ ಯಾರೂ ಕಿತ್ಕೊಳ್ಳಲಿಲ್ವಾ?’ ಅಂತ ಕೇಳಿದರು. ಒಂದು ಸಲ ಕಿತ್ತುಕೊಂಡಿದ್ದರು ಅಂದೆ.

ಇನ್ನು ಚಿತ್ರಕಾರರು. ನನ್ನ ಐದು ತಿಂಗಳಲ್ಲಿ ಮೂರು ತಿಂಗಳು ಹೋದದ್ದು ಇವರಿಗೇ. ಹೋದದ್ದು ಅನ್ನಬಾರದು, ಸಿಕ್ಕಿದ್ದು ಅನ್ನಬೇಕು.

ಒಬ್ಬರು ವಿಡಿಯೋ ಕರೆಯಲ್ಲಿ ತಮ್ಮ ಮೇಜನ್ನು ತೋರಿಸಿದರು. ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ, ಮರದ ಹಲಗೆಯ ಮೇಲೆ ಹರಡಿ, ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಾಕಿ ಒಣಗಲು ಬಿಟ್ಟಿದ್ದರು. ಒಣಗುತ್ತಾ ಕಾಗದ ಬಿಗಿಯುತ್ತದೆ. ಹಾಗೆ ಮಾಡದಿದ್ದರೆ ಜಲವರ್ಣ ಬಿದ್ದ ಕಡೆ ಕಾಗದ ಉಬ್ಬಿ ಅಲೆ ಏಳುತ್ತದೆ. ಬೆರಳಿನಿಂದ ಹಲಗೆಯ ಮೇಲೆ ತಟ್ಟಿದರು. ಡಬ್ ಅಂತ ತಮಟೆಯ ಥರ ಶಬ್ದ ಬಂತು. ‘ಈ ಶಬ್ದ ಬಂದ್ರೆ ರೆಡಿ’ ಅಂದರು. ಪಕ್ಕದ ಗೋಡೆಯಲ್ಲಿ ನಮ್ಮ ಕಥೆಗೆ ಅವರು ಮಾಡಿದ ಬೆಂಕಿಪೊಟ್ಟಣದಷ್ಟು ಚಿಕ್ಕ ಕರಡುಗಳು. ಎಣಿಸಿದೆ, 31 ಇದ್ದವು. ಪುಸ್ತಕದಲ್ಲಿ ಬಂದದ್ದು ನಾಲ್ಕು ಚಿತ್ರ. ಕಥೆಯಲ್ಲಿ ಹುಡುಗಿ ಅಳುತ್ತಾಳೆ ಎಂದು ಲೇಖಕರು ಬರೆದಿದ್ದಾರೆ. ಚಿತ್ರದಲ್ಲಿ ಹುಡುಗಿಯ ಬೆನ್ನು ಮಾತ್ರ ಕಾಣುತ್ತದೆ. 31ರಲ್ಲಿ 20ರಲ್ಲಿ ಅಳುವ ಮುಖ ಇತ್ತು. 21ನೆಯದರಲ್ಲಿ ಅವರು ಹುಡುಗಿಯನ್ನು ತಿರುಗಿಸಿ ಕೂರಿಸಿದ್ದರು.

ಇವರ ಓದು ಏನು? ವಾಣಿಜ್ಯ. ಬ್ಯಾಂಕಿನಲ್ಲಿ ಎಂಟು ವರ್ಷ ಕೆಲಸ ಮಾಡಿದ್ದರು. ಚಿತ್ರಕಲೆಯ ಶಾಲೆಗೆ ಹೋಗದೆ ಇಷ್ಟು ದೂರ ಬಂದವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಕ್ವೆಂಟಿನ್ ಬ್ಲೇಕ್ ಅವರು ಕೇಂಬ್ರಿಡ್ಜ್‌ನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಚಿತ್ರಕಲೆಗೆ ಬಿಡಿ ತರಗತಿಗಳಿಗೆ ಹೋಗಿದ್ದರು, ಅಷ್ಟೇ. ಡೇವ್ ಪಿಲ್ಕಿಗೆ ಚಿಕ್ಕಂದಿನಲ್ಲಿ ಓದುವುದೂ ಕಷ್ಟ, ಒಂದು ಕಡೆ ಕೂರುವುದೂ ಕಷ್ಟ. ಶಿಕ್ಷಕರು ತರಗತಿಯ ಹೊರಗೆ ಕೂರಿಸುತ್ತಿದ್ದರು. ಆ ಓಣಿಯಲ್ಲಿ ಕೂತೇ ಅವರು ಕಾಮಿಕ್ಸ್ ಬರೆಯಲು ಶುರುಮಾಡಿದ್ದು. ಭಜ್ಜು ಶ್ಯಾಮ್ ಮಧ್ಯಪ್ರದೇಶದ ಪಾಟನ್‌ಗಢದ ಗೊಂಡ ಮನೆತನದವರು. ಭೋಪಾಲಕ್ಕೆ ಬಂದು ರಾತ್ರಿ ಕಾವಲುಗಾರರಾಗಿ, ಎಲೆಕ್ಟ್ರಿಷಿಯನ್ ಆಗಿ ದುಡಿದರು. ಚಿಕ್ಕಪ್ಪ ಜನಗಢ ಸಿಂಗ್ ಶ್ಯಾಮ್ ಅವರ ಚಿತ್ರಗಳಲ್ಲಿ ಸೂಕ್ಷ್ಮ ಗೆರೆ ತುಂಬುತ್ತಾ ಕೈ ಪಳಗಿಸಿಕೊಂಡರು. ಆಮೇಲೆ ಲಂಡನ್ನಿಗೆ ಗೋಡೆ ಚಿತ್ರ ಬಿಡಿಸಲು ಹೋದವರು ಆ ನಗರವನ್ನು ತಮ್ಮ ಕಣ್ಣಿನಿಂದ ನೋಡಿದರು. 2004ರಲ್ಲಿ ಬಂದ ಅವರ ಪುಸ್ತಕದಲ್ಲಿ ದೊಡ್ಡ ಗಡಿಯಾರ ಹುಂಜವಾಗಿದೆ, ನೆಲದಡಿಯ ರೈಲು ಎರೆಹುಳುವಾಗಿದೆ. 2018ರಲ್ಲಿ ಪದ್ಮಶ್ರೀ ಬಂತು.

ಯುಯಿ ಮೊರಾಲೆಸ್ 1994ರಲ್ಲಿ ಎಳೆ ಮಗುವನ್ನು ಎತ್ತಿಕೊಂಡು ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದವರು. ಇಂಗ್ಲಿಷ್ ಬರುತ್ತಿರಲಿಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಮೊದಲ ಸಲ ಚಿತ್ರಪುಸ್ತಕಗಳನ್ನು ಕಂಡರು. ಮಗನ ಜೊತೆ ಕೂತು ಚಿತ್ರ ನೋಡಿಕೊಂಡೇ ಭಾಷೆ ಕಲಿತರು, ಆಮೇಲೆ ತಾವೇ ಅಂಥ ಪುಸ್ತಕ ಮಾಡತೊಡಗಿದರು. ಆಸ್ಟ್ರೇಲಿಯಾದ ಶಾನ್ ತಾನ್ ಅವರ ತಂದೆ ಮಲೇಷ್ಯಾದಿಂದ ಬಂದು ನೆಲೆಸಿದವರು. ತಾನ್ 2006ರಲ್ಲಿ ವಲಸೆ ಬಂದವನೊಬ್ಬನ ಬಗ್ಗೆ ಮಾಡಿದ ಪುಸ್ತಕದಲ್ಲಿ ಒಂದೂ ಮಾತಿಲ್ಲ. ಹೊಸ ನಾಡಿನಲ್ಲಿ ಅವನಿಗೆ ಬೋರ್ಡುಗಳನ್ನು ಓದಲು ಬರುವುದಿಲ್ಲ. ನೋಡುವ ನಮಗೂ ಬರುವುದಿಲ್ಲ, ಏಕೆಂದರೆ ಆ ಲಿಪಿಯನ್ನು ತಾನ್ ಕಲ್ಪಿಸಿಕೊಂಡು ಬರೆದಿದ್ದಾರೆ.

ಇಷ್ಟೆಲ್ಲ ಓದಿಕೊಂಡಮೇಲೆ ಚಿತ್ರಕಾರರಿಗೆ 40 ಪದ ಅನ್ನುವುದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಸಂಪಾದಕರ ಜೊತೆ ಕೂತು ಮಾತಾಡಿದೆ. ನನ್ನ ಬಳಿ ಒಂದು ಹಳೆಯ ನೋವೂ ಇತ್ತು. ಹಿಂದೆ ನಾನು ಬರೆದ ಒಂದು ಪುಸ್ತಕದ ಮುಖಪುಟದಲ್ಲಿ ನನ್ನ ಹೆಸರು ಮಾತ್ರ ಬಂದಿತ್ತು. ಪ್ರತಿ ಪುಟದಲ್ಲೂ ಚಿತ್ರ ಬಿಡಿಸಿದವರ ಹೆಸರು ಒಳಗೆ, ಮುದ್ರಣದ ವಿವರಗಳ ನಡುವೆ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ. ಪ್ರಕಾಶಕರನ್ನು ಕೇಳಿದಾಗ ‘ಜಾಗ ಇರಲಿಲ್ಲ’ ಅಂದಿದ್ದರು. ಮುಖಪುಟದ ಪೂರ್ತಿ ಜಾಗವನ್ನು ತುಂಬಿಕೊಂಡಿದ್ದದ್ದು ಆ ಚಿತ್ರಕಾರರ ಚಿತ್ರವೇ. ಆ ದಿನ ನಾನು ಜಾಸ್ತಿ ಮಾತಾಡದೆ ಎದ್ದು ಬಂದೆ. ಅದು ಇವತ್ತಿಗೂ ಚುಚ್ಚುತ್ತದೆ. ಬ್ರಿಟನ್ನಿನಲ್ಲಿ ಸಾರಾ ಮೆಕಿಂಟೈರ್ ಎಂಬ ಚಿತ್ರಕಾರ್ತಿ ಇದೇ ವಿಷಯಕ್ಕೆ ಒಂದು ಚಳವಳಿಯನ್ನೇ ನಡೆಸಿದ್ದಾರೆ. ಪುಸ್ತಕದ ಮೇಲೆ, ಮಾರಾಟದ ಪಟ್ಟಿಗಳಲ್ಲಿ, ವಿಮರ್ಶೆಗಳಲ್ಲಿ ಚಿತ್ರಕಾರರ ಹೆಸರು ಬರಲೇಬೇಕು ಅನ್ನುವುದು ಅವರ ವಾದ. ಹೆಸರು ಬರದಿದ್ದರೆ ಮುಂದಿನ ಕೆಲಸ ಬರುವುದಿಲ್ಲ. ಇದು ಗೌರವದ ಪ್ರಶ್ನೆ ಮಾತ್ರ ಅಲ್ಲ, ಹೊಟ್ಟೆಪಾಡಿನದ್ದು. ನಮ್ಮ ಸಂಪಾದಕರು ಕೇಳಿಸಿಕೊಂಡರು. ಎಲ್ಲರಿಗೂ 55 ಪದ ಅಂತ ಆಯಿತು.

ಕರಡುಗಳನ್ನು ಬರೆದು ಎಲ್ಲರಿಗೂ ಒಪ್ಪಿಗೆಗೆ ಕಳಿಸಿದೆ. ಒಬ್ಬ ಚಿತ್ರಕಾರ್ತಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅವರೊಂದಿಗೆ ನನ್ನ ಮಾತುಕತೆ ಎಲ್ಲ ಬರವಣಿಗೆಯಲ್ಲೇ ಆಗಿತ್ತು. ನಾನು ಅವರ ಬಗ್ಗೆ ಹೀಗೆ ಬರೆದಿದ್ದೆ: ‘ಕಿವಿ ಕೇಳದಿದ್ದರೂ ಚಿತ್ರಲೋಕದಲ್ಲಿ ತಮ್ಮದೇ ಹಾದಿ ಕಂಡುಕೊಂಡಿದ್ದಾರೆ.’ ಅವರು ಕರಡನ್ನು ಮುದ್ರಿಸಿ, ಕೆಂಪು ಪೆನ್ನಿನಿಂದ ‘ಕೇಳದಿದ್ದರೂ’ ಅನ್ನುವುದಕ್ಕೆ ಒಂದು ಸುತ್ತು ಹಾಕಿ, ಅದರ ಫೋಟೋ ತೆಗೆದು ಕಳಿಸಿದರು. ಕೆಳಗೆ ಎರಡೇ ಸಾಲು. ‘ಇಲ್ಲಿ ಆದರೂ ಯಾಕೆ? ಚಿತ್ರ ಬಿಡಿಸೋದಕ್ಕೆ ಕಿವಿ ಬೇಕಾ?’

ಓದಿದ ತಕ್ಷಣ ಕೆನ್ನೆ ಬಿಸಿಯಾಯಿತು. ಕ್ಷಮೆ ಕೇಳಿ ಪತ್ರ ಬರೆದೆ, ನೀವೇ ಹೇಗೆ ಬರೆದುಕೊಳ್ಳುತ್ತೀರಿ ಅಂತ ಕೇಳಿದೆ. ಅವರು ಬರೆದದ್ದು: ‘ಕಿವಿ ಕೇಳುವುದಿಲ್ಲ. ಸಂಜ್ಞೆ ಭಾಷೆಯಲ್ಲಿ ಬೆಳೆದವಳು. ಕೈಗಳನ್ನು ಬಿಡಿಸುವುದು ತುಂಬಾ ಇಷ್ಟ.’ ಆಗ ಅವರ ಚಿತ್ರಗಳನ್ನು ಮತ್ತೆ ತೆಗೆದು ನೋಡಿದೆ. ಆರು ಚಿತ್ರ, ಎಲ್ಲದರಲ್ಲೂ ಎಲ್ಲರ ಕೈಗಳೂ ಏನೋ ಹೇಳುತ್ತಿವೆ. ಅಜ್ಜನ ಕೈ, ಮಗುವಿನ ಕೈ, ದೂರದಲ್ಲಿ ನಿಂತ ಪೋಸ್ಟ್‌ಮ್ಯಾನ್ ಕೈ. ನಾಲ್ಕು ತಿಂಗಳಿಂದ ನನ್ನ ಬಳಿ ಇದ್ದ ಚಿತ್ರಗಳು ಅವು.

ಆ ರಾತ್ರಿ ಎಲ್ಲ ಕರಡುಗಳನ್ನೂ ತೆಗೆದು ಆ ‘ಆದರೂ’ವನ್ನು ಹುಡುಕುತ್ತಾ ಕೂತೆ. ಅದು ಒಂದು ಪದವಾಗಿ ಬರುವುದು ಕಡಿಮೆ. ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ವಾಣಿಜ್ಯ ಓದಿದರೂ. ರಾತ್ರಿ ಪಾಳಿ ಇದ್ದರೂ. ಮೂರು ಮಕ್ಕಳ ತಾಯಿಯಾದರೂ. ಬೇರೆ ಮನೆಮಾತಿನವರಾದರೂ. ಶಾಲೆ ಅರ್ಧಕ್ಕೇ ಬಿಟ್ಟಿದ್ದರೂ. ಒಂಬತ್ತು ಪರಿಚಯಗಳಲ್ಲಿ ಸಿಕ್ಕಿತು. ನೋಟ್‌ಪುಸ್ತಕ ತೆಗೆದರೆ ಅಲ್ಲೂ ಇತ್ತು. ‘ರಿಕ್ಷಾ ಎಳೆಯುತ್ತಿದ್ದರೂ’. ಬ್ಯಾಪಾರಿಯವರಿಗೆ ಆ ಪದದ ಅರ್ಥ ಸಿಕ್ಕಿದ್ದೇ ರಿಕ್ಷಾದಲ್ಲಿ. ಮುರಾಕಾಮಿಯ ಮೇಜು ಅಡುಗೆಮನೆಯದ್ದೇ. ನರ್ಸ್‌ನ ಚಿಕ್ಕ ಪ್ಯಾರಾ ಬಂದದ್ದು ಬಸ್ಸಿನಿಂದಲೇ. ಪ್ರತಿಯೊಬ್ಬರ ಬದುಕನ್ನೂ ನಾನು ಅವರ ಬರವಣಿಗೆಗೆ ಅಡ್ಡವಾಗಿ ಬಿದ್ದ ಮರದ ಥರ ಬರೆದಿಟ್ಟಿದ್ದೆ, ಅವರೆಲ್ಲ ಅದನ್ನು ದಾಟಿ ಬಂದ ಹಾಗೆ.

ಒಂದೊಂದನ್ನೇ ತೆಗೆದೆ. ‘ರಾತ್ರಿ ಪಾಳಿ ಇದ್ದರೂ ಬರೆಯುತ್ತಾರೆ’ ಅನ್ನುವುದು ‘ರಾತ್ರಿ ಪಾಳಿ ಮುಗಿಸಿ ಬರೆಯುತ್ತಾರೆ’ ಆಯಿತು. ‘ಮೂರು ಮಕ್ಕಳ ತಾಯಿಯಾದರೂ’ ಅನ್ನುವುದನ್ನು ಪೂರ್ತಿ ಬಿಟ್ಟೆ. ಸಂಕಲನದಲ್ಲಿ ಮಕ್ಕಳಿರುವ ಅಪ್ಪಂದಿರು ಐದು ಜನ ಇದ್ದಾರೆ, ಅವರ ಪರಿಚಯದಲ್ಲಿ ಮಕ್ಕಳ ಲೆಕ್ಕ ಬರೆದಿರಲಿಲ್ಲ ಅಲ್ವಾ. ಎರಡು ಕಡೆ ಮಾತ್ರ ಆ ಬಾಲವನ್ನು ಉಳಿಸಿದೆ. ಅವರೇ ಹಾಗೆ ಹೇಳಿದ್ದರು, ಹಾಗೇ ಇರಲಿ ಅಂತಲೂ ಹೇಳಿದರು. ಒಬ್ಬರ ಮನೆಯವರು ಅವರ ಹಸ್ತಪ್ರತಿಗಳನ್ನು ಎರಡು ಸಲ ಸುಟ್ಟಿದ್ದರು. ಅಲ್ಲಿ ‘ಆದರೂ’ ನಿಜವಾಗಿಯೂ ಬೇಕಿತ್ತು.

ಎಲ್ಲರೂ ಬದುಕನ್ನು ತೆರೆದಿಡಲು ಬಯಸುತ್ತಾರೆ ಅಂತಲ್ಲ. ಒಬ್ಬ ಲೇಖಕರು ಫೋನಿನಲ್ಲಿ ಒಂದೂವರೆ ಗಂಟೆ ಮಾತಾಡಿದರು. ಬೆಳೆದ ಅನಾಥಾಲಯ, ಅಲ್ಲಿನ ಊಟದ ಗಂಟೆ, ಓಡಿಹೋದ ರಾತ್ರಿ. ಮಾರನೇ ದಿನ ಸಂದೇಶ ಬಂತು. ‘ನಿನ್ನೆ ಹೇಳಿದ್ದು ನಿಮಗೆ ಹೇಳಿದ್ದು. ಪುಸ್ತಕಕ್ಕಲ್ಲ.’ ಅವರ ಪರಿಚಯದಲ್ಲಿ ಅವರ ಹೆಸರು, ಹಿಂದಿನ ಎರಡು ಪುಸ್ತಕ ಮತ್ತು ಅವರಿಗೆ ಸೈಕಲ್ ರಿಪೇರಿ ಇಷ್ಟ ಅನ್ನುವುದು ಇದೆ. ಎಲೆನಾ ಫೆರಾಂಟೆ ಅನ್ನುವ ಹೆಸರಿನಲ್ಲಿ ಬರೆಯುವವರು 1992ರಲ್ಲಿ ಮೊದಲ ಕಾದಂಬರಿ ಬಂದಾಗಿನಿಂದ ಇಲ್ಲಿಯವರೆಗೆ ತಾವು ಯಾರೆಂದು ಹೇಳಿಲ್ಲ. ಪುಸ್ತಕ ಬರೆದಾಯಿತು, ಇನ್ನು ಅದಕ್ಕೆ ಬರೆದವರು ಬೇಕಿಲ್ಲ ಅನ್ನುವುದು ಅವರ ನಿಲುವು. ಪರಿಚಯ ಬರೆಯುವ ಕೆಲಸದಲ್ಲಿ ಮುಳುಗಿದ್ದ ನನಗೆ ಅದು ಮೊದಲು ಒಗ್ಗಲಿಲ್ಲ. ಈ ಲೇಖಕರ ಸಂದೇಶ ಬಂದಮೇಲೆ ಅರ್ಥವಾಯಿತು. ಕೇಳಿಸಿಕೊಂಡದ್ದೆಲ್ಲ ಬರೆಯುವುದಕ್ಕಲ್ಲ. ಆ ಒಂದೂವರೆ ಗಂಟೆಯ ಟಿಪ್ಪಣಿಯನ್ನು ಹರಿದು ಹಾಕಿದೆ. ಹರಿದು ಹಾಕಿದೆ ಅಂತ ಅವರಿಗೆ ತಿಳಿಸಿದೆ ಕೂಡ. ಇಲ್ಲಿ ಎರಡು ಮಾತು ಬರೆದದ್ದನ್ನೂ ಅವರಿಗೆ ತೋರಿಸಿ, ವಿವರ ಬದಲಿಸಿ, ಒಪ್ಪಿಗೆ ಪಡೆದೇ ಬರೆದೆ.

ಕೊನೆಗೆ ಉಳಿದದ್ದು ಆನೆಯ ಚಿತ್ರ ಬಿಡಿಸಿದವರು. ಮೂರು ‘ಇಲ್ಲ’ ಬರೆದವರು. ಎರಡನೇ ಪತ್ರಕ್ಕೂ ಉತ್ತರ ಇರಲಿಲ್ಲ. ನಾಲ್ಕನೇ ತಿಂಗಳಲ್ಲಿ ನಾನೇ ಫೋನ್ ಮಾಡಿದೆ. ಸುತ್ತ ಗದ್ದಲ, ಯಾವುದೋ ಯಂತ್ರದ ಶಬ್ದ. ಮಧ್ಯಾಹ್ನದ ಬಿಡುವಿನಲ್ಲಿ ಅವರೇ ತಿರುಗಿ ಮಾಡಿದರು. ಒಂದು ದೊಡ್ಡ ಗೋದಾಮಿನಲ್ಲಿ ಸಾಮಾನು ಪ್ಯಾಕ್ ಮಾಡುವ ಕೆಲಸ. ದಿನಕ್ಕೆ 12 ಗಂಟೆ. ಬಿಡಿಸಲು ಕಾಗದ ಎಲ್ಲಿ ತರುತ್ತೀರಿ ಅಂತ ಕೇಳಿದೆ. ಕಾಗದ ಅಲ್ಲ, ಹರಿದ ರಟ್ಟಿನ ಪೆಟ್ಟಿಗೆ ಅಂದರು. ಆನೆಯ ಸುತ್ತಲಿನ ಆ ಕಂದು ಬಣ್ಣ, ನಾನು ಎಷ್ಟೋ ದಿನ ಬಣ್ಣ ಅಂದುಕೊಂಡಿದ್ದದ್ದು, ಬರೀ ರಟ್ಟು. ಮೂಲ ಚಿತ್ರ ಕಳಿಸಲು ಕೇಳಿಕೊಂಡೆ. ಬಂತು. ಹತ್ತಿರ ಹಿಡಿದು ನೋಡಿದರೆ ರಟ್ಟಿನ ಒಳಗಿನ ಅಲೆಗಳು ಮೇಲಿನ ಪದರದ ಮೂಲಕ ಸಾಲುಸಾಲಾಗಿ ಕಾಣುತ್ತವೆ. ಆನೆಯ ಚರ್ಮದ ಸುಕ್ಕಿಗೆ ಅವರು ಅದನ್ನೇ ಬಳಸಿಕೊಂಡಿದ್ದರು. ಪೆಟ್ಟಿಗೆಯ ಮೇಲಿನ ಟೇಪು ಕಿತ್ತ ಕಡೆ ರಟ್ಟಿನ ಒಂದು ಪದರ ಎದ್ದು ಹೋಗಿ ಒಂದು ತೆಳು ಪಟ್ಟಿ ಉಳಿದಿತ್ತು. ಬೆನ್ನಿನ ಆ ಬಿಳಿ ಗೆರೆ ಇದ್ದದ್ದು ಅದರ ಅಂಚಿನಲ್ಲೇ. ಮಾರ್ಕರ್ ಮತ್ತು ಒಂದು ಬಿಳಿ ಪೆನ್ಸಿಲ್, ಬೇರೇನೂ ಇಲ್ಲ.

ಅವರ ಪರಿಚಯವನ್ನು ನಾನು ತುಂಬಾ ಎಚ್ಚರಿಕೆಯಿಂದ ಬರೆದೆ. ‘ಆದರೂ’ ಇಲ್ಲ ಅಂತ ಮೂರು ಸಲ ನೋಡಿದೆ. ಮೊದಲ ವಾಕ್ಯ ‘ಚಿತ್ರಕಾರ’ ಅಂತ ಶುರುವಾಗುತ್ತಿತ್ತು. ರಟ್ಟು, ಮಾರ್ಕರ್, ಪ್ರಾಣಿಗಳು ಎಲ್ಲ ಬಂದು, ಗೋದಾಮಿನ ಕೆಲಸ ಕೊನೆಯ ವಾಕ್ಯದಲ್ಲಿತ್ತು. ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. ಎಲ್ಲ ಸರಿ ಇದೆ, ಒಂದೇ ಒಂದು ಬದಲಾವಣೆ ಅಂದರು. ಕೊನೆಯ ವಾಕ್ಯ ಮೊದಲಿಗೆ ಬರಬೇಕು.

ಯಾಕೆ ಅಂತ ಕೇಳಿದೆ.

‘ನಮ್ಮ ಜೊತೆ ಕೆಲಸ ಮಾಡೋರಿಗೆಲ್ಲ ಪುಸ್ತಕ ತೋರಿಸ್ತೀನಿ. ಅವರು ಮೊದಲ ಸಾಲು ಓದಿ ಬೇರೆ ಯಾರದೋ ವಿಷಯ ಅಂದ್ಕೊಂಡು ಮುಚ್ಚಿಡಬಾರದು.’

ಹಾಗೇ ಬದಲಿಸಿ ಅಚ್ಚಿಗೆ ಕಳಿಸಿದೆ. ಪುಟ 118, ಎಡಗಡೆ: ‘ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾರೆ. ಅಲ್ಲಿ ಸಿಗುವ ರಟ್ಟಿನ ಮೇಲೆ ಚಿತ್ರ ಬಿಡಿಸುತ್ತಾರೆ.’